ನೆನೆದು ನೀರಿಗಿಳಿದ ಕದಿರಮ್ಮ

ಮಾಘದ ಚಳಿ. ಕೆರೆಯ ಮೇಲೆ ಮಂಜು ಹಾಸಿದೆ, ನೀರೆಲ್ಲಿ ದಡವೆಲ್ಲಿ ಗೊತ್ತಾಗುತ್ತಿಲ್ಲ. ಎರ್ರಬಂಡಹಳ್ಳಿಯ ದೊಡ್ಡಕೆರೆಯ ಕಟ್ಟೆ ಮೇಲೆ ಕದಿರಮ್ಮ ಬರಿಗಾಲಲ್ಲಿ ನಡೆಯುತ್ತಿದ್ದಾರೆ. ಹೆಗಲ ಮೇಲೆ ಸನಿಕೆ, ತಲೆಗೆ ಗಂಡನ ಹಳೇ ಮಫ್ಲರ್, ಸೊಂಟಕ್ಕೆ ಬಿಗಿದ ಸೆರಗು. ಹತ್ತು ಹೆಜ್ಜೆಗೊಮ್ಮೆ ನಿಂತು ಹಿಮ್ಮಡಿಯಿಂದ ನೆಲ ಒತ್ತಿ ನೋಡುತ್ತಾರೆ. ಒಂದು ಕಡೆ ಮಣ್ಣು ಕುಸಿಯುತ್ತದೆ. ಬಗ್ಗಿ ಕೈಯಾಡಿಸಿದರೆ ಇಲಿ ತೋಡಿದ ಬಿಲ. ಸನಿಕೆಯಲ್ಲಿ ಅಗೆದು, ಜೇಡಿಮಣ್ಣು ತುಂಬಿ, ಎರಡೂ ಕಾಲಲ್ಲಿ ತುಳಿದು ಗಟ್ಟಿ ಮಾಡಿ ಮುಂದಕ್ಕೆ ಹೋಗುತ್ತಾರೆ.

ಬೂಟು ಹಾಕಿಕೊಂಡು ಹಿಂದೆ ಬರುತ್ತಿರುವ ನನ್ನನ್ನು ನೋಡಿ ಅವರಿಗೆ ನಗು. "ಚಪ್ಲಿ ಆಕ್ಕೊಂಡ್ರೆ ಕಟ್ಟೆ ಮಾತಾಡಲ್ಲ ಸಾರ್. ಅಂಗಾಲಿಗೇ ಅದು ಏಳೋದು, ಇಲ್ಲಿ ತೇವ ಜಾಸ್ತಿ ಅದೆ, ಇಲ್ಲಿ ಟೊಳ್ಳದೆ ಅಂತ."

ಐವತ್ತೈದು ವರ್ಷದ ಕದಿರಮ್ಮ ಈ ಊರಿನ ನೀರುಗಂಟಿ. ಕೆರೆಯ ತೂಬು ತೆಗೆಯುವುದು, ಮುಚ್ಚುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಹಂಚುವುದು, ಮಳೆಗಾಲದಲ್ಲಿ ಕಟ್ಟೆ ಕಾಯುವುದು ನೀರುಗಂಟಿಯ ಕೆಲಸ. ಕೋಲಾರದ ಸೀಮೆಯಲ್ಲಿ ಕೆರೆಗೊಬ್ಬ ನೀರುಗಂಟಿ ಇದ್ದ ಕಾಲವೊಂದಿತ್ತು. ಅಪ್ಪನಿಂದ ಮಗನಿಗೆ ಬರುವ ಕೆಲಸ ಅದು. ಬಂಗಾರಪೇಟೆಗೂ ಕೆ.ಜಿ.ಎಫ್‌ಗೂ ನಡುವೆ, ರೈಲುಹಳಿಯ ಪಕ್ಕದಲ್ಲಿರುವ ಈ ಊರಲ್ಲಿ ಮಾತ್ರ ಅದು ಮಗಳಿಗೆ ಬಂದಿದೆ.

ಬೆಳಕು ಹರಿಯುವ ಹೊತ್ತಿಗೆ ತೂಬಿನ ಕೆಳಗಿನ ಕಾಲುವೆ ಹತ್ತಿರ ಬಂದಿದ್ದೇವೆ. ಅಲ್ಲಿ ಚಲಪತಿ ಕಾದು ನಿಂತಿದ್ದಾರೆ. ಊರಲ್ಲಿ ಎಂಟು ಎಕರೆ ಗದ್ದೆ, ಹನ್ನೆರಡು ಸೀಮೆಹಸು ಇರುವ ಕುಳ. ಇನ್ನೊಂದು ಗಂಟೆ ನೀರು ಬಿಟ್ಟರೆ ಮೇಲಿನ ಮಡಿಯೂ ನೆನೆಯುತ್ತದೆ ಎಂದು ಅವರ ಬೇಡಿಕೆ. ಕದಿರಮ್ಮ ಸೊಂಟದಿಂದ ಮೊಬೈಲ್ ತೆಗೆದು ಟೈಮು ತೋರಿಸುತ್ತಾರೆ. "ನಿಮ್ಮ ಪಾಳಿ ಮುಗೀತು ಅಣ್ಣಯ್ಯ. ಈಗ ಕಡೇ ಮಡಿಯೋರ್ದು. ಗುರುವಾರ ಬನ್ನಿ." ಇಷ್ಟೇ ಮಾತು. ಸನಿಕೆ ಕಾಲುವೆಯ ಮಣ್ಣಿಗೆ ಬೀಳುತ್ತದೆ, ನೀರು ಎಡಕ್ಕೆ ತಿರುಗುತ್ತದೆ. ಚಲಪತಿ ಗೊಣಗಲೂ ಇಲ್ಲ. ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು, "ಆಯ್ತು ಬುಡಮ್ಮ" ಎಂದು ಹೊರಡುತ್ತಾರೆ. ಹಿಂದೆ ಇದೇ ಚಲಪತಿ ಈಕೆಯನ್ನು ಕಂಡು ನಗುತ್ತಿದ್ದವರು. ಆ ಕಥೆ ಮುಂದೆ ಹೇಳುತ್ತೇನೆ.

ಕಟ್ಟೆಯ ಉದ್ದ ಮುಕ್ಕಾಲು ಕಿಲೋಮೀಟರ್. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಆ ತುದಿಯಿಂದ ಈ ತುದಿಗೆ ಹೋಗಿ ಬಂದರೆ ದಿನಕ್ಕೆ ಮೂರು ಕಿಲೋಮೀಟರ್ ಆಯಿತು. ಕೆರೆಯ ಕೆಳಗೆ ನೂರ ಹನ್ನೆರಡು ಎಕರೆ ಗದ್ದೆ, ಎಂಬತ್ತಮೂರು ಕುಟುಂಬ. ಯಾರ ಪಾಳಿ ಯಾವ ದಿನ, ಎಷ್ಟು ಹೊತ್ತಿಗೆ ಎಂಬುದು ಕದಿರಮ್ಮನ ಬಾಯಲ್ಲೇ ಇದೆ. ಸುಗ್ಗಿಯಲ್ಲಿ ಎಕರೆಗೆ ಮೂರು ಸೇರು ಭತ್ತ ಅವರ ಪಾಲು. ಉಳಿದ ದಿನಗಳಲ್ಲಿ ಎರಡು ಹಸುವಿನ ಹಾಲು ಡೇರಿಗೆ ಹಾಕುತ್ತಾರೆ.

ಕಟ್ಟೆಯ ನಡುವೆ ಹೊಂಗೆಮರದ ಕೆಳಗೆ ಅರಿಶಿನ ಬಳಿದ ಮೂರು ಕಲ್ಲುಗಳಿವೆ. ಕಟ್ಟೆ ಗಂಗಮ್ಮ. ಗುಡಿಯಿಲ್ಲ, ಪೂಜಾರಿಯಿಲ್ಲ. ಬೆಳಗಿನ ಸುತ್ತು ಮುಗಿಸಿ ಕದಿರಮ್ಮ ಸನಿಕೆಯನ್ನು ಕೆಳಗಿಟ್ಟು ಅಲ್ಲಿ ನಿಲ್ಲುತ್ತಾರೆ. ಕೈಮುಗಿದು ಏನೋ ಹೇಳತೊಡಗುತ್ತಾರೆ. ಮಂತ್ರವೇನೋ ಎಂದುಕೊಂಡು ಹತ್ತಿರ ಹೋದೆ. ಪಕ್ಕದ ಮನೆಯವರ ಹತ್ತಿರ ಮಾತಾಡುವಂಥ ಬರೀ ಮಾತು.

"ಅಮ್ಮಾ, ನಮ್ಮ ತಾತನ ಕಾಲ್ದಾಗೆ ಏಳು ದಿನ ಮಳೆ ಉಯ್ತು, ಕೋಡಿ ಕಿತ್ಕೊಂಡು ಓಯ್ತು. ನೀರ್ನ ಅಳ್ಳದ ಕಡೆ ತಿರುಗ್ಸಿದೆ, ಒಂದು ಗುಡ್ಸಲೂ ಬೀಳ್ಲಿಲ್ಲ. ಗಂಜಿ ಕುಡ್ದ ಬರಗಾಲ್ದಾಗೆ ಬಾವಿ ಎಲ್ಲಾ ಒಣಗಿದ್ವು. ಕೆರೆ ಒಟ್ಟೇಲಿ ಒರತೆ ತೋರ್ಸಿದೆ, ಊರೆಲ್ಲಾ ಅದನ್ನೇ ಕುಡೀತು..."

ಇದನ್ನು ಕಲಿಸಿದವರು ಅವರ ಅಪ್ಪ ಮುನಿಸ್ವಾಮಪ್ಪ. ನಲವತ್ತು ವರ್ಷ ಇದೇ ಕೆರೆಗೆ ನೀರುಗಂಟಿಯಾಗಿದ್ದವರು. ತೂಬಿಗೆ ಇಳಿಯುವ ಮುಂಚೆ, ಮಳೆ ಜೋರಾದಾಗ, ಮನೆಯಲ್ಲಿ ಯಾರಿಗಾದರೂ ಜ್ವರ ಬಂದಾಗಲೂ ಅವರು ಮೊದಲು ಈ ಕಲ್ಲುಗಳ ಮುಂದೆ ನಿಂತು ಹಿಂದೆ ಆದದ್ದನ್ನೆಲ್ಲ ಹೇಳಿಕೊಳ್ಳುತ್ತಿದ್ದರಂತೆ. "ಬೇಡೋಕೆ ಮುಂಚೆ ನೆನೀಬೇಕು ಕಣಮ್ಮಿ ಅಂತಿದ್ರು ನಮ್ಮಪ್ಪ. ಅವಳು ಮಾಡಿದ್ದನ್ನ ಮರ್ತೋರು ಏನ್ ಬೇಡಿದ್ರೂ ಎದ್ರಿಕೊಂಡೇ ಬೇಡ್ತಾರೆ, ನೆನೆದೋರಿಗೆ ಗುಂಡಿಗೆ ಇರ್ತದೆ ಅಂತ."

ಆ ಹೇಳಿಕೆಯಲ್ಲಿ ಕದಿರಮ್ಮನದೇ ಒಂದು ಸಾಲು ಬರುತ್ತದೆ. ಎಂಟು ವರ್ಷದ ಹುಡುಗಿಯಾಗಿದ್ದಾಗ ಅಪ್ಪನ ಹಿಂದೆ ಈಜಿಕೊಂಡು ತೂಬಿನ ಹತ್ತಿರ ಹೋದಳು. ಕಟ್ಟೆಯಿಂದ ಹನ್ನೆರಡು ಅಡಿ ಒಳಗೆ, ಕೆರೆಯಲ್ಲಿ ಎರಡು ಕಲ್ಲುಕಂಬಗಳಿವೆ. ಅವುಗಳ ಬುಡದಲ್ಲಿ ಕಲ್ಲಿನ ತೊಟ್ಟಿ. ತೊಟ್ಟಿಯ ತಳದಲ್ಲಿ ಕೊಡದ ಬಾಯಿಯಷ್ಟು ಅಗಲದ ಕಂಡಿ. ಆ ಕಂಡಿಗೆ ಕೂತಿರುವ ಮರದ ಬಿರಡೆಯನ್ನು ಎತ್ತಿದರೆ ನೀರು ಕಟ್ಟೆಯ ಅಡಿಯಿಂದ ಹಾದು ಗದ್ದೆಗೆ ಹೋಗುತ್ತದೆ. ಮುಳುಗಿ ಅದನ್ನು ಮುಟ್ಟಿ ಬರುತ್ತೇನೆಂದು ಹೋದ ಹುಡುಗಿಯ ಕಾಲು ತೊಟ್ಟಿಯ ಎರಡು ಕಲ್ಲುಗಳ ನಡುವೆ ಸಿಕ್ಕಿಕೊಂಡಿತು. ಕೆಂಪುನೀರಿನಲ್ಲಿ ಏನೂ ಕಾಣದು. ಅಪ್ಪ ಎರಡು ಸಲ ಮುಳುಗಿ ಬರಿಗೈಯಲ್ಲಿ ಎದ್ದರು. ಮೂರನೇ ಸಲ ಜಡೆ ಕೈಗೆ ಸಿಕ್ಕಿತು.

"ಎಡಗಾಲ್ದು ಈ ಗಾಯ ಅವತ್ತಿಂದು," ಎಂದು ಕಣಕಾಲು ತೋರಿಸುತ್ತಾರೆ. "ಆಮೇಲೆ ಒಂದು ವರ್ಷ ನಾನು ನೀರಿಗೇ ಇಳೀಲಿಲ್ಲ. ಅಪ್ಪ ಬೈಲಿಲ್ಲ. ದಿನಾ ಕಲ್ಲಿನ ಮುಂದೆ ನಿಂತಾಗ ಕೊನೇಲಿ ಸೇರಿಸೋರು, ನನ್ನ ಕೂಸಿನ ಜಡೆ ನನ್ನ ಕೈಗೆ ಕೊಟ್ಟೆ ತಾಯಿ ಅಂತ. ಅದನ್ನ ಕೇಳಿ ಕೇಳಿ ನಂಗೆ ಆ ದಿನ ನೆನೆಸ್ಕೊಂಡ್ರೆ ಮುಳುಗಿದ್ದು ಬರ್ತಾ ಇರ್ಲಿಲ್ಲ, ಎತ್ತಿದ್ದೇ ಬರೋದು."

ಇಪ್ಪತ್ತೆರಡು ವರ್ಷದ ಹಿಂದೆ ತುಂಬಿದ ಕೆರೆ ಮತ್ತೆ ಹದಿನೆಂಟು ವರ್ಷ ತುಂಬಲಿಲ್ಲ. ಒಂದೊಂದು ವರ್ಷ ಮೊಣಕಾಲುದ್ದ ನೀರು, ಒಂದೊಂದು ವರ್ಷ ಅದೂ ಇಲ್ಲ. ಕೆರೆ ತುಂಬಿದ ಎರಡು ವರ್ಷಕ್ಕೆ ಮುನಿಸ್ವಾಮಪ್ಪ ತೀರಿಕೊಂಡರು. ಗಂಡುಮಕ್ಕಳಿಲ್ಲ. ನೀರುಗಂಟಿಕೆ ಯಾರಿಗೆ ಎಂದು ಊರಿನವರು ಸೇರಿದಾಗ ಕದಿರಮ್ಮ ಎದ್ದು ನಿಂತು ನಾನು ಮಾಡುತ್ತೇನೆ ಎಂದರು. ಹೆಂಗಸು ಮಾಡುವ ಕೆಲಸವೇ ಎಂದು ಒಬ್ಬರಿಬ್ಬರು ತಕರಾರು ತೆಗೆದರು. ಚಲಪತಿ ನಕ್ಕು, "ನೀರಿಲ್ದ ಕೆರೆಗೆ ನೀರುಗಂಟಿ ಯಾರಾದ್ರೇನು, ಮಾಡ್ಕೊಳ್ಳಿ ಬುಡಿ" ಎಂದರು. ಹಾಗೆ, ಯಾರಿಗೂ ಬೇಡವಾಗಿದ್ದಾಗ ಈ ಕೆಲಸ ಅವರಿಗೆ ಸಿಕ್ಕಿತು.

ನೀರಿಲ್ಲ ಎಂದ ಮೇಲೆ ಭತ್ತವೂ ಇಲ್ಲ. ಗಂಡ ಕೋದಂಡಪ್ಪ ಬೆಂಗಳೂರಿನಲ್ಲಿ ಒಂದು ಅಪಾರ್ಟ್‌ಮೆಂಟಿಗೆ ವಾಚ್‌ಮನ್ ಆದರು, ಕದಿರಮ್ಮ ಒಂದು ಆಫೀಸಿನಲ್ಲಿ ಗುಡಿಸಿ ಒರೆಸುವ ಕೆಲಸಕ್ಕೆ ಸೇರಿದರು. ಇಬ್ಬರೂ ಉರಿಗಾಂ ಸ್ಟೇಷನ್‌ವರೆಗೆ ನಡೆದು ಮಾರಿಕುಪ್ಪಂನಿಂದ ಬರುವ ರೈಲು ಹಿಡಿಯುತ್ತಿದ್ದರು. ಹದಿಮೂರು ವರ್ಷ. ಆ ದುಡಿಮೆಯಲ್ಲೇ ಮಗಳು ತ್ರಿವೇಣಿ ನರ್ಸಿಂಗ್ ಓದಿದಳು. ಈಗ ಬಂಗಾರಪೇಟೆಯಲ್ಲಿ ಗಂಡನ ಮನೆಯಲ್ಲಿದ್ದಾಳೆ.

ಆ ಹದಿಮೂರು ವರ್ಷವೂ ಭಾನುವಾರ ಬಂತೆಂದರೆ ಕದಿರಮ್ಮ ಸನಿಕೆ ಹಿಡಿದು ಒಣಕೆರೆಗೆ ಹೋಗುತ್ತಿದ್ದರು. ಕಟ್ಟೆಯ ಮೇಲೆ ಬೆಳೆದ ಜಾಲಿ ಕಡಿಯುವರು, ಬಿಲ ಮುಚ್ಚುವರು. ತೂಬಿನ ತೊಟ್ಟಿಗೆ ಇಳಿದು ಹೂಳು ಎತ್ತುವರು. ಬಿರಡೆಯನ್ನು ಕಿತ್ತು ತೊಳೆದು, ಅದರ ತಲೆಗಿದ್ದ ಕಬ್ಬಿಣದ ಬಳೆಗೆ ಹರಳೆಣ್ಣೆ ಸವರಿ, ಮತ್ತೆ ಕಂಡಿಗೆ ಕೂರಿಸುವರು. ಬಿರಡೆ ಎತ್ತುವ ಉದ್ದನೆಯ ಕಬ್ಬಿಣದ ಸರಳನ್ನು ಒಂದು ರಾತ್ರಿ ಯಾರೋ ಕೊಯ್ದು ಗುಜರಿಗೆ ಹಾಕಿದರು. ಹೊಸದು ಹಾಕಿಸಿ ಎಂದು ಕೇಳಿದರೆ, ನೀರೇ ಇಲ್ಲ ಸರಳು ಯಾಕೆ ಎಂಬ ಉತ್ತರ. ಕೆರೆಯಂಗಳದಲ್ಲಿ ಕ್ರಿಕೆಟ್ ಆಡುವ ಹುಡುಗರಿಗೆ, ಹಾಲು ಹಾಕಿ ಬರುವ ದೊಡ್ಡವರಿಗೆ ಅವರೊಂದು ತಮಾಷೆಯಾಗಿದ್ದರು. "ಏನಮ್ಮ, ಇವತ್ತು ಎಷ್ಟಡಿ ನೀರು ಬಂತು" ಎಂದು ಕೇಳಿಕೊಂಡು ಹೋಗುವರು.

ಬೇಸರ ಆಗಲಿಲ್ಲವೇ ಎಂದು ಕೇಳುತ್ತೇನೆ.

"ಆಗಿತ್ತು ಸಾರ್. ಸುಳ್ಳು ಏಳಲ್ಲ. ಒಂದು ಯುಗಾದಿ ದಿನ ಕಲ್ಲಿನ ಮುಂದೆ ನಿಂತು ಬಾಯಿಗೆ ಬಂದಂಗೆ ಬೈದುಬುಟ್ಟೆ. ಅಳೇದು ಏಳ್ಕೊಂಡು ಎಷ್ಟು ದಿನ ಇರೋದು, ಈಗ ಏನ್ ಕೊಟ್ಟಿದ್ದೀಯ ಅಂತ. ಮನೇಗೆ ಬಂದು ಊಟಕ್ಕೆ ಕೂತೆ. ಅನ್ನ ಇತ್ತು, ಒಬ್ಬಟ್ಟು ಇತ್ತು, ಮಗಳು ಇಸ್ಕೂಲಿಂದ ತಂದ ಬಹುಮಾನ ಗೋಡೆ ಮೇಲಿತ್ತು. ಎಲ್ಲಿಂದ ಬಂತು ಇದು ಅಂದ್ಕೊಂಡೆ. ಮಾರ್ನೆ ಭಾನುವಾರ ಓಗಿ ಒಂದು ಮಾತು ಸೇರಿಸ್ದೆ, ನೀರು ಕೊಡ್ದೆ ಇದ್ದಾಗ ರೈಲು ಕೊಟ್ಟೆ ತಾಯಿ ಅಂತ."

ಪಕ್ಕದಲ್ಲಿ ಹಸುವಿಗೆ ಹುಲ್ಲು ಹಾಕುತ್ತಿದ್ದ ಕೋದಂಡಪ್ಪ ಇದನ್ನು ಕೇಳಿ, "ಆ ರೈಲಾಗೆ ನಿಂತ್ಕೊಂಡೇ ಓಗಿದ್ದು ನಾನು. ಕೂರೋಕೆ ಜಾಗ ಕೊಡು ಅಂತ ಒಂದಿವ್ಸಾನೂ ಕೇಳ್ಲಿಲ್ಲ ಇವ್ಳು" ಎನ್ನುತ್ತಾರೆ.

ನಾಲ್ಕು ವರ್ಷದ ಹಿಂದೆ, ಕಾರ್ತಿಕ ಮಾಸ. ಐದು ದಿನ ಬಿಡದೆ ಮಳೆ ಹೊಯ್ದಿತು. ಹದಿನೆಂಟು ವರ್ಷದ ಮೇಲೆ ದೊಡ್ಡಕೆರೆ ತುಂಬಿತು. ಊರಿಗೆ ಊರೇ ಕಟ್ಟೆ ಮೇಲೆ ಬಂದು ನಿಂತಿತು. ಬಾಗಿನ ಕೊಟ್ಟರು, ಫೋಟೊ ತೆಗೆದುಕೊಂಡರು. ಕೋಡಿ ಹರಿಯಲು ಒಂದು ಗೇಣು ಬಾಕಿ ಇತ್ತು.

ಆರನೇ ಬೆಳಗ್ಗೆ ಕದಿರಮ್ಮ ಕಟ್ಟೆಯ ಬುಡದಲ್ಲಿ ನಡೆಯುತ್ತಿದ್ದಾಗ ಒಂದು ಕಡೆ ನೀರು ಜಿನುಗುತ್ತಿರುವುದು ಕಂಡಿತು. ತುಂಬಿದ ಕೆರೆಯ ಕಟ್ಟೆ ಅಷ್ಟಿಷ್ಟು ಜಿನುಗುವುದು ಇದ್ದದ್ದೇ. ಆದರೆ ಇದು ಬೊಗಸೆಗೆ ತೆಗೆದುಕೊಂಡರೆ ಕೆಂಪಗಿತ್ತು. ಮನೆಯಿಂದ ಸ್ಟೀಲ್ ಲೋಟ ತಂದು ಆ ನೀರನ್ನು ಹಿಡಿದುಕೊಂಡು ನೇರ ಗ್ರಾಮ ಪಂಚಾಯಿತಿ ಸದಸ್ಯೆ ಶ್ಯಾಮಲ ಅವರ ಮನೆಗೆ ಹೋದರು.

ಶ್ಯಾಮಲ ಮೂವತ್ತೆಂಟರ ಹೆಣ್ಣುಮಗಳು, ಆಗಷ್ಟೇ ಮೊದಲ ಸಲ ಗೆದ್ದಿದ್ದವರು. ಆ ಬೆಳಗ್ಗೆಯನ್ನು ನೆನೆಸಿಕೊಳ್ಳುತ್ತಾರೆ. "ಲೋಟ ತಂದು ನನ್ನ ಮುಂದೆ ಜಗಲಿ ಮೇಲೆ ಇಟ್ರು. ಅಲ್ಲಾಡಿಸಬೇಡ, ಒಂದೈದು ನಿಮಿಷ ನೋಡು ಅಂದ್ರು. ತಳದಲ್ಲಿ ಒಂದು ಬೆರಳು ಮಣ್ಣು ನಿಂತ್ಕೊಳ್ತು. ಆಗ ಹೇಳಿದ್ರು, ಇದು ಕೆರೆ ನೀರಲ್ಲಮ್ಮ, ಇದು ನಮ್ಮ ಕಟ್ಟೆ, ಒಳಗಿಂದ ಕರಗ್ತಾ ಅದೆ ಅಂತ."

ಕಟ್ಟೆಯ ಬುಡದಲ್ಲೇ ಕಾಲೋನಿ. ನಲವತ್ತಾರು ಮನೆ, ಕದಿರಮ್ಮನದೂ ಸೇರಿ. ಶ್ಯಾಮಲ ಒಂದು ಗಂಟೆಯಲ್ಲಿ ಎಲ್ಲರನ್ನೂ ಎಬ್ಬಿಸಿ, ಹಸುಕುರಿ ಸಮೇತ ದಿಬ್ಬದ ಮೇಲಿನ ಶಾಲೆಗೆ ಸೇರಿಸಿದರು. ಎಂಜಿನಿಯರಿಗೆ ಫೋನ್ ಮಾಡಿದರೆ ಅವರು ಇನ್ನೊಂದು ಕೆರೆಯ ಹತ್ತಿರ ಇದ್ದಾರೆ, ದಾರಿ ಮುಳುಗಿದೆ, ಬರುವುದು ಮಧ್ಯಾಹ್ನದ ಮೇಲೆ. ಕೋಡಿ ಒಡೆಯಲು ಜೆಸಿಬಿ ತರಿಸಿದರೆ ಅದರ ಚಕ್ರ ನೆನೆದ ಕಟ್ಟೆಯ ಮೊದಲ ಮಾರಿನಲ್ಲೇ ಹೂತುಹೋಯಿತು. ಕೆರೆಯ ಭಾರ ಇಳಿಸಲು ಉಳಿದಿದ್ದು ತೂಬು ಒಂದೇ. ತೂಬಿಗೆ ಸರಳಿಲ್ಲ. ಹನ್ನೆರಡು ಅಡಿ ನೀರಿನೊಳಗೆ ಯಾರಾದರೂ ಮುಳುಗಿ, ಬಿರಡೆಯ ಬಳೆಗೆ ಹಗ್ಗ ಕಟ್ಟಿ ಬರಬೇಕು.

ಬಾವಿಯಲ್ಲಿ ಈಜುವ ಹುಡುಗರು ಊರಲ್ಲಿ ಬೇಕಾದಷ್ಟಿದ್ದರು. ಆದರೆ ತೂಬಿನ ತಳವನ್ನು ಅವರಲ್ಲಿ ಒಬ್ಬರೂ ಕಂಡಿರಲಿಲ್ಲ. ಬಿರಡೆ ಅಕಸ್ಮಾತ್ ಸಡಿಲಗೊಂಡರೆ ಹತ್ತಿರ ಇರುವವರ ಕೈಯನ್ನೋ ಕಾಲನ್ನೋ ಕಂಡಿ ಸೆಳೆದುಕೊಳ್ಳುತ್ತದೆ, ಮತ್ತೆ ಬಿಡುವುದಿಲ್ಲ. ಹದಿನಾರು ವರ್ಷ ಆ ತೊಟ್ಟಿಯ ಒಂದೊಂದು ಕಲ್ಲನ್ನೂ ಕೈಯಿಂದ ಉಜ್ಜಿದ್ದವರು ಕದಿರಮ್ಮ ಒಬ್ಬರೇ.

"ನಾ ಬ್ಯಾಡ ಅಂದೆ," ಎನ್ನುತ್ತಾರೆ ಕೋದಂಡಪ್ಪ. "ಲೇ, ವಯಸ್ಸೆಷ್ಟೇ ನಿಂಗೆ, ಐವತ್ತೊಂದು. ಮನೆ ಓದ್ರೆ ಓಗ್ಲಿ, ಜನ ಎಲ್ಲಾ ಮೇಲವ್ರೆ ಅಂದೆ. ನಲವತ್ತಾರು ಮನೆ ಯಾರು ಕಟ್ಕೊಡ್ತಾರೆ ಅಂತ ಕೇಳಿದ್ಲು." ಹೆಂಡತಿಯನ್ನು ತಡೆಯಲಾಗದೆ ಅವರು ಮಾಡಿದ ಕೆಲಸವೆಂದರೆ ಉರಿಗಾಂನ ಸುಬ್ರಮಣಿಗೆ ಫೋನ್ ಮಾಡಿದ್ದು. ಸುಬ್ರಮಣಿ ಚಿನ್ನದ ಗಣಿಯಲ್ಲಿ ಭೂಮಿಯೊಳಗೆ ಹದಿನೈದು ವರ್ಷ ದುಡಿದು, ಗಣಿ ಮುಚ್ಚಿದ ಮೇಲೆ ಕೋದಂಡಪ್ಪನ ಜತೆ ರೈಲಿನಲ್ಲಿ ಬೆಂಗಳೂರಿಗೆ ಓಡಾಡಿದವರು. ಹಗ್ಗ, ಗಂಟು, ಆಳಕ್ಕೆ ಮನುಷ್ಯರನ್ನು ಇಳಿಸಿ ಎತ್ತುವುದು ಅವರಿಗೆ ಕರಗತ. ಮುಕ್ಕಾಲು ಗಂಟೆಯಲ್ಲಿ ಬೈಕಿನ ಹಿಂದೆ ಎರಡು ಸಿಂಬಿ ಹಗ್ಗ ಕಟ್ಟಿಕೊಂಡು ಬಂದಿಳಿದರು.

ಒಂದು ಹಗ್ಗ ಬಿರಡೆಗೆ, ಇನ್ನೊಂದು ಕದಿರಮ್ಮನ ಸೊಂಟಕ್ಕೆ. ಸುಬ್ರಮಣಿ ಅದನ್ನು ತಾವೇ ಕಟ್ಟಿ, ಮೂರು ಸಲ ಎಳೆದು ನೋಡಿ, ತಂಗಿ ಎಂದು ತಮಿಳಿನಲ್ಲಿ ಕರೆದು ಹೇಳಿದರು. "ತಂಗಚ್ಚಿ, ಒಂದು ಸಲ ಎಳೆದ್ರೆ ಹಗ್ಗ ಬಿಡ್ತೀನಿ. ಎರಡು ಸಲ ಎಳೆದ್ರೆ ನಿನ್ನ ಮೇಲೆ ಎತ್ತೀನಿ. ನಲವತ್ತು ಎಣಿಸೋ ತನಕ ಏನೂ ಬರಲಿಲ್ಲ ಅಂದ್ರೆ ನಾನೇ ಎತ್ತಿಬಿಡ್ತೀನಿ, ಆಮೇಲೆ ಕೋಪ ಮಾಡ್ಕೋಬೇಡ."

ಆಗ ಕದಿರಮ್ಮ ನೀರಿಗೆ ಇಳಿಯದೆ ಹೊಂಗೆಮರದ ಕಡೆ ನಡೆದರು. ಅದನ್ನು ನೋಡಿದಾಗ ಆದ ಸಂಕಟವನ್ನು ಶ್ಯಾಮಲ ಮುಚ್ಚಿಡುವುದಿಲ್ಲ. "ನಂಗೆ ಸಿಟ್ಟು ಬಂತು. ಕೆಳಗೆ ಕಟ್ಟೆ ಕರಗ್ತಿದೆ, ಇವರು ಕೈಮುಗಿದು ತಾತನ ಕಾಲದ್ದು ಹೇಳ್ತಿದ್ದಾರೆ. ಹತ್ತಿರ ಹೋದೆ, ಬೇಗ ಅನ್ನೋಣ ಅಂತ. ಅವರು ಏನೂ ಬೇಡ್ಕೊಳ್ತಾ ಇರಲಿಲ್ಲ. ಕಾಪಾಡು ಅಂತ ಒಂದು ಮಾತಿಲ್ಲ. ಆ ವರ್ಷ ಹೀಗೆ ಮಾಡ್ದೆ, ಈ ವರ್ಷ ಹೀಗೆ ಮಾಡ್ದೆ, ನನ್ನ ಜಡೆ ಅಪ್ಪನ ಕೈಗೆ ಕೊಟ್ಟೆ, ರೈಲು ಕೊಟ್ಟೆ... ಹೇಳ್ತಾ ಹೇಳ್ತಾ ಅವರ ಬೆನ್ನು ನೇರ ಆಯ್ತು. ನಾನು ಕಣ್ಣಾರೆ ನೋಡಿದ್ದು. ತಿರುಗಿದಾಗ ಬೇರೆ ಮುಖ. ನನ್ನನ್ನೇ, ಯಾಕೆ ನಡುಗ್ತಿದ್ದೀಯ, ಓಗಿ ಟೀ ಕಾಯ್ಸು ಅಂದ್ರು."

ಮೊದಲ ಸಲ ಮುಳುಗಿದಾಗ ಕೈಗೆ ಸಿಕ್ಕಿದ್ದು ಜಾಲಿಮುಳ್ಳು. ಪ್ರವಾಹದಲ್ಲಿ ಬಂದ ಕೊಂಬೆಗಳು ತೊಟ್ಟಿಯ ಬಾಯಿಗೆ ಸಿಕ್ಕಿಕೊಂಡಿದ್ದವು. ಅವನ್ನು ಎಳೆದು ತೆಗೆದು ಮೇಲೆ ಬಂದಾಗ ಎರಡೂ ಅಂಗೈಯಲ್ಲಿ ರಕ್ತ. ಎರಡನೇ ಸಲ ಹೂಳು ಗೋರಿ, ಮೂರು ಕಲ್ಲು ಎತ್ತಿ ಆಚೆ ಹಾಕಿದರು. ಮೂರನೇ ಸಲ ಬಿರಡೆ ಬೆರಳಿಗೆ ಸಿಕ್ಕಿತು, ಬಳೆಯೂ ಸಿಕ್ಕಿತು. ಹಗ್ಗ ತೂರಿಸುವಷ್ಟರಲ್ಲಿ ಉಸಿರು ಮುಗಿಯಿತು. ಸುಬ್ರಮಣಿ ನಲವತ್ತು ಎಣಿಸಿ ಎತ್ತಿಬಿಟ್ಟರು.

ಕದಿರಮ್ಮ ಕಲ್ಲುಕಂಬ ತಬ್ಬಿಕೊಂಡು ಕೆಮ್ಮಿದರು. ತುಟಿ ನೀಲಿಯಾಗಿತ್ತು. ಕಟ್ಟೆ ಮೇಲಿಂದ ಸಾಕು ಬಾಮ್ಮ ಎಂದು ಯಾರೋ ಕೂಗಿದರು. ಹಾಗೆ ಕೂಗಿದವರು ಚಲಪತಿ ಎಂದು ಆಮೇಲೆ ಗೊತ್ತಾಯಿತು. ಕೆಳಗೆ ಜಿನುಗು ಹೋಗಿ ಕೈತೋಳಿನಷ್ಟು ದಪ್ಪದ ಧಾರೆಯಾಗಿತ್ತು.

"ಆಗ ಹೆದರಿಕೆ ಆಯ್ತಾ?" ಎಂದು ಕದಿರಮ್ಮನನ್ನು ಕೇಳುತ್ತೇನೆ.

"ಆಯ್ತು. ಮೂರ್ನೆ ಸಲ ಕೆಳಗೆ ಇದ್ದಾಗ ಎಡಗಾಲಿಗೆ ಅದೇ ಕಲ್ಲು ತಗುಲ್ತು, ಚಿಕ್ಕೋಳಿದ್ದಾಗ ಸಿಕ್ಕಾಕ್ಕೊಂಡಿದ್ದು. ಕಂಬ ಇಡ್ಕೊಂಡು ಯೋಚ್ನೆ ಮಾಡ್ದೆ. ನಂಗೆ ಎಂಟು ವರ್ಷ ಆಗಿದ್ದಾಗ ಇಲ್ಲಿ ಅಪ್ಪನ ಕೈ ಮೂರ್ನೆ ಸಲಕ್ಕೆ ಬಂತು. ಅವರು ಎರಡಕ್ಕೇ ಸಾಕು ಅಂದಿದ್ರೆ ನಾನೆಲ್ಲಿರ್ತಿದ್ದೆ. ಅವತ್ತು ಕೈ ಬಿಡ್ದೋಳು ಇವತ್ತು ಬುಡ್ತಾಳಾ ಅಂದ್ಕೊಂಡೆ. ಸುಬ್ರಮಣಿ ಅಣ್ಣನಿಗೆ ಏಳ್ದೆ, ಈ ಸಲ ಅರವತ್ತು ಎಣ್ಸು ಅಂತ."

ಸುಬ್ರಮಣಿ ಎಣಿಸಿದರು. ನಲವತ್ತಾಯಿತು, ಐವತ್ತಾಯಿತು. ಕೋದಂಡಪ್ಪ ಕಟ್ಟೆಯ ಮೇಲೆ ಕೂತು ಮುಖ ಮುಚ್ಚಿಕೊಂಡಿದ್ದರು. ಐವತ್ತೆರಡಕ್ಕೆ ಹಗ್ಗ ಎರಡು ಸಲ ಅಲುಗಿತು.

ಮೇಲೆ ಬಂದವರು ಕೈಯೆತ್ತಿ ಎಳೆಯಿರಿ ಎಂದು ಸನ್ನೆ ಮಾಡಿದರು. ಅವರು ದಡ ಹತ್ತುವವರೆಗೂ ಸುಬ್ರಮಣಿ ಯಾರನ್ನೂ ಎಳೆಯಲು ಬಿಡಲಿಲ್ಲ. ಆಮೇಲೆ ನಲವತ್ತು ಜನ ಬಿರಡೆಯ ಹಗ್ಗಕ್ಕೆ ಕೈ ಹಾಕಿದರು. ಮೊದಲನೆಯ ಎಳೆತಕ್ಕೆ ಬಿರಡೆ ಅಲ್ಲಾಡಲಿಲ್ಲ. ಎರಡನೆಯದಕ್ಕೆ ಸ್ವಲ್ಪ ಬಂದಂತಾಗಿ ನಿಂತಿತು. ಚಲಪತಿ ಚಪ್ಪಲಿ ಬಿಟ್ಟು ಬಂದು ಎಲ್ಲರಿಗಿಂತ ಮುಂದೆ ನಿಂತರು. ಮೂರನೆಯದಕ್ಕೆ ಎಳೆಯುತ್ತಿದ್ದವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದರು. ಕಟ್ಟೆಯ ಆಚೆ ಬದಿಯಲ್ಲಿ, ಹದಿನೆಂಟು ವರ್ಷ ಒಣಗಿದ್ದ ಕಾಲುವೆಯ ಬಾಯಿಂದ ಮೊದಲು ಗಾಳಿ, ಆಮೇಲೆ ಕೆಸರು, ಅದರ ಹಿಂದೆ ನೀರು ಅಬ್ಬರಿಸಿಕೊಂಡು ಹೊರಬಂತು.

ಸಂಜೆ ನಾಲ್ಕಕ್ಕೆ ಬಂದ ಎಂಜಿನಿಯರ್ ಜಿನುಗುವ ಕಡೆ ಮರಳು, ಜಲ್ಲಿ ತುಂಬಿಸಿ, ಮೇಲೆ ಮೂಟೆ ಹೇರಿಸಿದರು. ಮರುದಿನ ಬೆಳಗ್ಗೆ ಕೆರೆ ಒಂದು ಗೇಣು ಇಳಿದಿತ್ತು. ಮೂರನೇ ದಿನ ಕದಿರಮ್ಮ ಅದೇ ಲೋಟದಲ್ಲಿ ನೀರು ಹಿಡಿದು ಎಲ್ಲರೆದುರು ಇಟ್ಟರು. ತಳದಲ್ಲಿ ಮಣ್ಣಿರಲಿಲ್ಲ. ಒಂದು ಮನೆಯೂ ಬೀಳಲಿಲ್ಲ. ಒಂದು ಕೋಳಿಮರಿಯೂ ಹೋಗಲಿಲ್ಲ ಎನ್ನುತ್ತಾರೆ ಶ್ಯಾಮಲ.

ಆ ವಾರ ಊರು ಸೇರಿತು. ಏನು ಬೇಕು ಕೇಳಮ್ಮ ಎಂದರು. ಕದಿರಮ್ಮ ತೂಬಿಗೆ ಒಂದು ಹೊಸ ಸರಳು, ಕಟ್ಟೆಯ ಸೋರುವ ಜಾಗಕ್ಕೆ ಕಲ್ಲು ಕೇಳಿದರು. ಸೀರೆ, ಶಾಲು ಎಂದು ತಂದಿದ್ದವರಿಗೆ ಮುಜುಗರವಾಯಿತು. ಸರಳಿಗೆ ಚಲಪತಿಯೇ ಮುಂದೆ ಬಂದರು. ಆಮೇಲೆ ಕದಿರಮ್ಮ ಇನ್ನೊಂದು ಮಾತು ಸೇರಿಸಿದರು. ತೂಬಿಗೆ ಇಳಿಯಬಲ್ಲವರು ಊರಲ್ಲಿ ಒಬ್ಬರೇ ಇದ್ದರೆ ಆಗದು, ಕಲಿಯುವವರಿಗೆ ಕಲಿಸುತ್ತೇನೆ. ಈಗ ಏಳು ಜನ ಮುಳುಗಿ ಬಿರಡೆ ಮುಟ್ಟಿ ಬರುತ್ತಾರೆ. ಅದರಲ್ಲಿ ನಾಲ್ವರು ಹೆಂಗಸರು, ಒಬ್ಬರು ಪಂಚಾಯಿತಿ ಸದಸ್ಯೆ. "ಮೊದಲ ದಿನ ಅತ್ತುಬಿಟ್ಟೆ," ಎಂದು ಶ್ಯಾಮಲ ನಗುತ್ತಾರೆ. "ನೀರಿಗಿಳಿಸೋಕೆ ಮುಂಚೆ ಕೇಳಿದ್ರು, ನಿಂಗೆ ಇಲ್ಲೀತಂಕ ಆಗಿರೋ ಒಳ್ಳೇದೆಲ್ಲ ಒಂದ್ಸಲ ಏಳು ಅಂತ. ನನಗೆ ಹೇಳೋಕೆ ಅಷ್ಟೊಂದಿದೆ ಅಂತ ನನಗೇ ಗೊತ್ತಿರಲಿಲ್ಲ."

ಇಷ್ಟೆಲ್ಲ ಕೇಳಿ ಮುಗಿಸುವಷ್ಟರಲ್ಲಿ ಮಧ್ಯಾಹ್ನವಾಗಿದೆ. ಕದಿರಮ್ಮ ಉರಿಗಾಂಗೆ ಹೊರಟಿದ್ದಾರೆ. ಸುಬ್ರಮಣಿಗೆ ಮಂಡಿಯ ಆಪರೇಷನ್ ಆಗಿದೆ. ಹೊಸ ಭತ್ತದ ಅಕ್ಕಿ ಹತ್ತು ಸೇರು ಚೀಲಕ್ಕೆ ಕಟ್ಟಿದ್ದಾರೆ. ನಾನೂ ಜತೆಗೆ ಹೋಗುತ್ತೇನೆ. ಗಣಿ ಕಾರ್ಮಿಕರ ಸಾಲುಮನೆಯ ಬಾಗಿಲಲ್ಲಿ ಕಾಲು ಚಾಚಿ ಕೂತಿದ್ದ ಸುಬ್ರಮಣಿ ಅಕ್ಕಿಯನ್ನು ಅಂಗೈಗೆ ಸುರಿದುಕೊಂಡು ಮೂಸಿ ನೋಡುತ್ತಾರೆ. "ನೆಲದೊಳಗೆ ಎಷ್ಟೋ ಜನರನ್ನ ಇಳಿಸಿದ್ದೀನಿ ಸಾರ್. ಇಳಿಯೋ ಮುಂಚೆ ಎಲ್ಲರ ಕೈ ಸ್ವಲ್ಪ ನಡುಗುತ್ತೆ, ನಂದೂ ನಡುಗ್ತಿತ್ತು. ಅವತ್ತು ಗಂಟು ಕಟ್ಟುವಾಗ ಈ ತಂಗಚ್ಚಿದು ನಡುಗ್ಲಿಲ್ಲ" ಎನ್ನುತ್ತಾರೆ.

ಹಿಂದಿರುಗುವಾಗ ಉರಿಗಾಂನಲ್ಲಿ ಸಂಜೆ ನಾಲ್ಕರ ರೈಲು ಹತ್ತುತ್ತೇವೆ. ಕದಿರಮ್ಮ ಬಂಗಾರಪೇಟೆಯಲ್ಲಿ ಇಳಿದು ಮಗಳನ್ನು ನೋಡಿಕೊಂಡು ಬರುವವರು. ಬೋಗಿ ಬಹುತೇಕ ಖಾಲಿ ಇದೆ. ಅವರು ಕಿಟಕಿ ಪಕ್ಕ ಕೂತು ಸೆರಗು ಸರಿಮಾಡಿಕೊಳ್ಳುತ್ತಾರೆ. "ಅದಿಮೂರು ವರ್ಷ ಈ ದಾರೀಲಿ ಓಡಾಡಿದೆ ಸಾರ್. ಓಗೋವಾಗ ಕತ್ತಲು, ಬರೋವಾಗ ಕತ್ತಲು. ಬೆಳಕಿದ್ದಾಗ ಒಂದ್ಸಲ ಕೂತ್ಕೊಂಡು ನೋಡ್ಬೇಕು ಅಂತ ಆಸೆ ಇತ್ತು."

ರೈಲು ಒಂದು ತಿರುವು ದಾಟುತ್ತಲೇ ಬಯಲು ತೆರೆದುಕೊಳ್ಳುತ್ತದೆ. ಆಗಷ್ಟೇ ನಾಟಿಯಾದ ಎರಡನೇ ಬೆಳೆ, ಎಳೆಹಸಿರು, ಮಡಿಮಡಿಯಲ್ಲೂ ನೀರು ಹೊಳೆಯುತ್ತಿದೆ. ಅದರಾಚೆ ಉದ್ದಕ್ಕೆ ಕಟ್ಟೆ. ಎದುರು ಸೀಟಿನಲ್ಲಿ ಟಿಫನ್ ಡಬ್ಬಿ ಹಿಡಿದು ಕೂತಿದ್ದ ಹೆಂಗಸು ಆಚೆ ನೋಡಿ, ಈ ಬಿಸಿಲಲ್ಲೂ ಎಷ್ಟು ಹಸಿರಾಗಿದೆ ನೋಡಿ ಎನ್ನುತ್ತಾರೆ.

"ನಮ್ಮೂರ್ದು," ಎನ್ನುತ್ತಾರೆ ಕದಿರಮ್ಮ.

"ನಿಮ್ಮ ಗದ್ದೆನೂ ಇದೆಯಾ ಅಲ್ಲಿ?"

"ಇಲ್ಲ ತಾಯಿ. ನಂದು ಒಂದು ಗುಂಟೆನೂ ಇಲ್ಲ." ಕಿಟಕಿಯಿಂದ ಮುಖ ತಿರುಗಿಸದೆಯೇ ಹೇಳುತ್ತಾರೆ. "ನಾನು ನೀರುಗಂಟಿ."